ಒಂದು ಕೆಜಿ ಕರಿಮೆಣಸಿನ ಬೆಟ್

ಪ್ರಶ್ನೆ: 2020ರಲ್ಲಿ ಕ್ರಿಕೆಟ್ ಮಂಡಳಿ ಬಿಸಿಸಿಐ, ಮಾಜಿ ಆಟಗಾರ ಸಂಜಯ್ ಮಂಜ್ರೇಕರ್ ಅವರನ್ನು ಕಾಮೆಂಟರಿಯಿಂದ ಕೈಬಿಟ್ಟಿತಲ್ಲ, ಅದು ರವೀಂದ್ರ ಜಡೇಜಾನನ್ನು ಟೀಕಿಸಿದ್ದಕ್ಕೆ ಅಂತ ನನ್ನ ಅಳಿಯ. ಅಲ್ಲ, ಇನ್ನೊಬ್ಬ ಕಾಮೆಂಟೇಟರ್ ಹರ್ಷ ಭೋಗ್ಲೆ ಜೊತೆ ಕಿರಿಕ್ ಮಾಡಿಕೊಂಡಿದ್ದಕ್ಕೆ ಅಂತ ನಾನು. ಇಬ್ಬರೂ ಪೇಪರಿನಲ್ಲೇ ಓದಿದ್ದು. ಒಂದು ಕೆಜಿ ಕರಿಮೆಣಸು ಬೆಟ್ ಕಟ್ಟಿದ್ದೇವೆ. ತೀರ್ಪು ಕೊಡಿ ಸಾರ್.
– ಓದುಗರೊಬ್ಬರು, ನಾಪೋಕ್ಲು

ಉತ್ತರ: ಮಾವ, ಅಳಿಯನ ಜಗಳದಲ್ಲಿ ಮೂರನೆಯವನು ಬಾಯಿ ಹಾಕಬಾರದು. ಆದರೂ ಕೇಳಿದ್ದೀರಿ.

ಮೊದಲು ಜಡೇಜಾ ವಿಷಯ. 2019ರ ವಿಶ್ವಕಪ್ ಹೊತ್ತಿನಲ್ಲಿ ಮಂಜ್ರೇಕರ್ ಹೇಳಿದ್ದರ ಸಾರ ಇಷ್ಟು: ಬಿಟ್ಸ್ ಅಂಡ್ ಪೀಸಸ್ (ಬ್ಯಾಟಿಂಗ್ ಅಷ್ಟಿಷ್ಟು, ಬೌಲಿಂಗ್ ಅಷ್ಟಿಷ್ಟು) ಆಟಗಾರರು ನನಗೆ ಅಷ್ಟಾಗಿ ಹಿಡಿಸುವುದಿಲ್ಲ, ಐವತ್ತು ಓವರಿನ ಆಟದಲ್ಲಿ ಜಡೇಜಾ ಈಗ ಅಂಥವರು, ಟೆಸ್ಟ್‌ನಲ್ಲಾದರೆ ಅವರು ಅಪ್ಪಟ ಬೌಲರ್. ‘ಈಗ’, ‘ಐವತ್ತು ಓವರ್’, ‘ಟೆಸ್ಟ್‌ನಲ್ಲಾದರೆ’ ಅಂತ ಮೂರು ಕಡೆ ಬೇಲಿ ಹಾಕಿಯೇ ಮಾತಾಡಿದ್ದರು. ಹೆಡ್ಡಿಂಗಿಗೆ ಬರುವಾಗ ಆ ಮೂರೂ ಬೇಲಿ ಕಿತ್ತುಹೋಯಿತು. ನಾನು ಎತ್ತಿಟ್ಟುಕೊಂಡ ಒಂದು ತುಂಡಿನಲ್ಲಿ ‘ಜಡೇಜಾ ಅರೆಬರೆ ಆಟಗಾರ’ ಅಂತಿದೆ, ಇನ್ನೊಂದರಲ್ಲಿ ‘ಚೂರುಪಾರು ಆಟಗಾರ’. ಚೂರುಪಾರು ಅಂದರೆ ಅಲ್ಲಿಷ್ಟು ಇಲ್ಲಿಷ್ಟು. ಅರೆಬರೆ ಅಂದರೆ ಬೈಗುಳವೇ ಸೈ, ಅಲ್ವಾ? ಅದೇ ಮಾತು, ಕನ್ನಡಕ್ಕೆ ಬಂದಾಗ ಖಾರ ಬೇರೆ ಬೇರೆ.

ಜಡೇಜಾ ಟ್ವಿಟರ್‌ನಲ್ಲಿ ಉರಿದುಬಿದ್ದರು. ನೀವು ಆಡಿದ್ದರ ಎರಡರಷ್ಟು ಪಂದ್ಯ ಆಡಿದ್ದೇನೆ, ಇನ್ನೂ ಆಡ್ತಾ ಇದ್ದೇನೆ ಅಂದರು. (ಮಂಜ್ರೇಕರ್ ಆಡಿದ್ದು 37 ಟೆಸ್ಟ್, 74 ಏಕದಿನ.) ಆಮೇಲೆ ಜುಲೈ 10ರ ಸೆಮಿಫೈನಲ್. ಮಳೆಯಿಂದಾಗಿ ಮ್ಯಾಂಚೆಸ್ಟರ್‌ನ ಆಟ ಎರಡನೇ ದಿನಕ್ಕೆ ಹೋಗಿತ್ತು. ಇಲ್ಲಿ ನಮ್ಮಲ್ಲೂ ಮಳೆ, ಕರೆಂಟಿಲ್ಲ. ಮೊಬೈಲ್ ಚಾರ್ಜ್ ಉಳಿಸಿಕೊಂಡು ಸ್ಕೋರ್ ನೋಡುತ್ತಿದ್ದೆ. 92ಕ್ಕೆ 6 ವಿಕೆಟ್ ಬಿದ್ದಾಗ ಬಂದ ಜಡೇಜಾ 59 ಎಸೆತಕ್ಕೆ 77 ಹೊಡೆದರು. ನಾವು 18 ರನ್ನಿಂದ ಸೋತೆವು. ಆದರೆ ಮಂಜ್ರೇಕರ್ ತಾವೇ, ಜಡೇಜಾ ನನ್ನನ್ನು ಹರಿದುಹಾಕಿದರು ಅಂತ ಒಪ್ಪಿಕೊಂಡರು. ಟೀಕೆಗೆ ದಪ್ಪಕ್ಷರ ಕೊಟ್ಟ ಪೇಪರ್ ಈ ಒಪ್ಪಿಗೆಗೆ ಮೂಲೆಯಲ್ಲಿ ಮೂರು ಸಾಲು ಕೊಟ್ಟಿತ್ತು.

ಹೆಡ್ಡಿಂಗ್ ಹಾಕುವವರನ್ನು ನಾನು ಜಾಸ್ತಿ ಬೈಯಲಾರೆ. ಮಡಿಕೇರಿಯಲ್ಲಿ ಕ್ರೀಡಾಪುಟ ಮಾಡುತ್ತಿದ್ದಾಗ ನಾನೇ ಈ ಪಾಪ ಮಾಡಿದ್ದೇನೆ. ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಹುಡುಗನೊಬ್ಬ, ‘ಮಳೆ ಬಂದರೆ ನಮಗೆ ಗೆಲ್ಲೋದು ಕಷ್ಟ’ ಅಂದಿದ್ದ. ಎರಡು ಕಾಲಂ ಜಾಗ, ಅಕ್ಷರ ಹಿಡಿಸಲಿಲ್ಲ. ಮಳೆಯನ್ನು ತೆಗೆದೆ. ಮರುದಿನ ಬೆಳಗ್ಗೆ ಆ ಮನೆಯ ಹಿರಿಯರು ಕೊಡೆ ಮಡಚಿಕೊಂಡು ನನ್ನ ಮೇಜಿನ ಮುಂದೆ ನಿಂತಿದ್ದರು. ‘ಎರಡಕ್ಷರಕ್ಕೆ ಜಾಗ ಇರಲಿಲ್ವಾ?’ ಅಂದರು. ಅಷ್ಟೇ. ಕೂರಲೂ ಇಲ್ಲ.

ಇನ್ನು ಹರ್ಷ ವಿಷಯ. 2019ರ ನವೆಂಬರ್, ಕೋಲ್ಕತ್ತಾದಲ್ಲಿ ಬಾಂಗ್ಲಾ ವಿರುದ್ಧ ಪಿಂಕ್ ಬಾಲ್ ಟೆಸ್ಟ್, ಅಂದರೆ ಹೊನಲು ಬೆಳಕಿನಲ್ಲಿ ಗುಲಾಬಿ ಚೆಂಡಿನ ಆಟ. ಚೆಂಡು ಸರಿಯಾಗಿ ಕಾಣುತ್ತಾ ಅಂತ ಆಟಗಾರರನ್ನೇ ಕೇಳಬೇಕು ಎಂದರು ಹರ್ಷ. ಕೇಳೋದು ನಿಮಗೆ ಬೇಕು, ಆಡಿದ ನಮಗೆ ಗೊತ್ತಾಗುತ್ತೆ ಅನ್ನುವ ಧಾಟಿಯಲ್ಲಿ ಮಂಜ್ರೇಕರ್ ಉತ್ತರಿಸಿದರು. ಅದು ತಪ್ಪು ಅಂತ ಆಮೇಲೆ ಅವರೇ ಹೇಳಿಕೊಂಡರು.

2020ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಪಂದ್ಯಕ್ಕೆ ಬೇರೆ ಕಾಮೆಂಟೇಟರ್‌ಗಳು ಧರ್ಮಶಾಲಾಕ್ಕೆ ಬಂದರು, ಮಂಜ್ರೇಕರ್ ಬರಲಿಲ್ಲ. ಆ ಪಂದ್ಯ ಮಳೆಗೆ ಹೋಯಿತು, ಅದಿರಲಿ. ನನ್ನ ಬಳಿ ಆ ವಾರದ ನಾಲ್ಕು ಸುದ್ದಿ ಇವೆ. ‘ಕೈಬಿಡಲಾಗಿದೆ’ ಎನ್ನುವವರೆಗೆ ನಾಲ್ಕೂ ಒಂದೇ. ಕಾರಣಕ್ಕೆ ಬಂದ ಕೂಡಲೇ ‘ಎನ್ನಲಾಗಿದೆ’, ‘ಮೂಲಗಳು ತಿಳಿಸಿವೆ’ ಶುರು. ಎರಡು ಜಡೇಜಾ ಕಡೆ, ಒಂದು ಹರ್ಷ ಕಡೆ. ಇನ್ನೊಂದು ಸುಮ್ನೆ ಎರಡೂ ಘಟನೆ ಕೊನೆಗೆ ಅಂಟಿಸಿ, ನೀವೇ ಜೋಡಿಸಿಕೊಳ್ಳಿ ಅಂತ ಬಿಟ್ಟಿದೆ. ಹೆಸರು ಹಾಕಿ, ಇಂಥದ್ದಕ್ಕೇ ತೆಗೆದೆವು ಎಂದವರು ನಾಲ್ಕರಲ್ಲೂ ಇಲ್ಲ. ಹೆಸರಿನ ಸಮೇತ ಸಿಗುವುದು ಮಂಜ್ರೇಕರ್ ಮಾತು ಮಾತ್ರ: ಕಾಮೆಂಟರಿ ನನ್ನ ಭಾಗ್ಯ, ಹಕ್ಕಲ್ಲ, ಇತ್ತೀಚಿನ ನನ್ನ ಕೆಲಸ ಬಿಸಿಸಿಐಗೆ ಹಿಡಿಸಿಲ್ಲವೇನೋ.

ಹಾಗಾಗಿ ನೀವೂ ಗೆದ್ದಿಲ್ಲ, ಅಳಿಯಂದಿರೂ ಗೆದ್ದಿಲ್ಲ. ನೀವಿಬ್ಬರು ಓದಿದ ಪೇಪರ್ ತುಂಡುಗಳು ಸಿಕ್ಕರೆ ಎದುರುಬದುರು ಇಟ್ಟು, ಪೆನ್ಸಿಲ್ ಹಿಡಿದು ‘ಎನ್ನಲಾಗಿದೆ’ಗಳನ್ನು ಎಣಿಸಿ. ಯಾರ ಪೇಪರಿನಲ್ಲಿ ಜಾಸ್ತಿಯೋ ಅವರು ಅರ್ಧ ಕೆಜಿ ಕೊಟ್ಟರೆ ಸಾಕು.