ಗೋಮಾಳದಲ್ಲಿ ಯಾವ ಗಿಡ ನೆಟ್ಟರೆ ಪ್ರಾಣಿ, ಪಕ್ಷಿ ಬರುತ್ತವೆ?

ನಿಮ್ಮೂರಿನ ಗೋಮಾಳ ಬೋಳಾಗಿ ಬಿದ್ದಿದೆ, ಹುಡುಗರೆಲ್ಲ ಸೇರಿ ಗಿಡ ನೆಟ್ಟು ಕಾಡು ಮಾಡ್ತೀವಿ, ಯಾವ ಗಿಡ ಒಳ್ಳೆಯದು ಅಂತ ಕೇಳಿದ್ದೀರಿ. ನಾನು ಮಧುಗಿರಿ ಕಡೆಯವನು. ಬಯಲುಸೀಮೆಯ ಮಾತು ಹೇಳುವುದಾದರೆ, ಸದ್ಯಕ್ಕೆ ಯಾವ ಗಿಡವೂ ಬೇಡ. ಆ ಬೋಳು ಜಾಗದಲ್ಲಿ ಈಗಾಗಲೇ ಯಾರ್ಯಾರು ಸಂಸಾರ ಹೂಡಿದ್ದಾರೆ ಅಂತ ಮೊದಲು ನೋಡಿ.

ನಮ್ಮ ತಾಲ್ಲೂಕಿನ ಮೈದನಹಳ್ಳಿ ಬಯಲನ್ನು ನೋಡಿದವರಿಗೂ "ಏನಿದೆ ಇಲ್ಲಿ, ಬರೀ ಹುಲ್ಲು" ಅನ್ನಿಸುತ್ತದೆ. 2007ರಲ್ಲಿ ಅದು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆಯಿತು. ಇರುವುದು 798 ಎಕರೆ ಅಷ್ಟೇ. ಕೃಷ್ಣಮೃಗಕ್ಕೆ ಕಣ್ಣೇ ಕಾವಲು. ತೋಳ ದೂರದಲ್ಲಿ ಕಂಡರೆ ಓಡಿ ಜೀವ ಉಳಿಸಿಕೊಳ್ಳುತ್ತದೆ. ಮರ ಒತ್ತಾಗಿ ಬೆಳೆದರೆ ತೋಳ ಕಾಣುವುದೂ ಇಲ್ಲ, ಓಡಲು ಜಾಗವೂ ಇಲ್ಲ.

ರಾಣೆಬೆನ್ನೂರು ಗೊತ್ತಲ್ವಾ? 1974ರಲ್ಲಿ ಅಭಯಾರಣ್ಯ ಆದಾಗ ಅಲ್ಲಿ ಕೃಷ್ಣಮೃಗದ ಜೊತೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯೂ ಇತ್ತು. ಆ ಬಯಲಲ್ಲಿ ಬಹುಪಾಲು ನೀಲಗಿರಿ ತೋಪಾಯಿತು. ಈಗ ಅಲ್ಲಿ ಎರೆಭೂತ ಇಲ್ಲ. ನೀಲಗಿರಿಯೊಂದೇ ಕಾರಣ ಅಂತ ನಾನು ಹೇಳಲ್ಲ, ಬೇಟೆಯೂ ಇತ್ತು. ಆದರೆ ಅದು ಬಯಲಲ್ಲಿ, ನೆಲದ ಮೇಲೆ, ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುವ ಹಕ್ಕಿ.

ನೋಡುವುದು ಹೇಗೆ ಅಂದರೆ, ಬೆಳಿಗ್ಗೆ ಬೇಗ ಎದ್ದು ಕುರಿ ಕಾಯುವವರ ಜೊತೆ ಒಂದು ಸುತ್ತು ಹೋಗಿ. ಅವರಿಗಿಂತ ಜಾಸ್ತಿ ತಿಳಿದವರು ಸಿಗಲ್ಲ. ಕಡಲೆಕಾಳಿನಂಥ ಹಿಕ್ಕೆ ಒಂದೇ ಕಡೆ ಗುಡ್ಡೆ ಬಿದ್ದಿದ್ದರೆ ಅದು ಗಂಡು ಕೃಷ್ಣಮೃಗ ಹಾಕಿದ ಗಡಿ ಇರಬಹುದು. ಬೇಸಿಗೆಯಲ್ಲಿ ಟಿಟ್ಟಿಭ ಹಕ್ಕಿ ತಲೆ ಮೇಲೇ ಬಂದು ಕಿರುಚಾಡಿದರೆ ಅಲ್ಲೇ ನಿಂತುಬಿಡಿ. ಹತ್ತಿರದಲ್ಲೇ ಮೊಟ್ಟೆ ಇರಬಹುದು. ಗೂಡು ಅನ್ನೋ ಥರ ಏನೂ ಇರಲ್ಲ. ಸಣ್ಣ ತಗ್ಗು, ಅಂಚಿಗೆ ಒಂದಿಷ್ಟು ಕಲ್ಲು. ಮೊಟ್ಟೆಯದೂ ಮಣ್ಣುಬಣ್ಣ, ಮೇಲೆ ಕಪ್ಪು ಮಚ್ಚೆ. ಎಷ್ಟೋ ಸಲ ಕಾಲಿಡುವವರೆಗೂ ಗೊತ್ತಾಗಲ್ಲ. ಜೂನ್ 5ರ ಪರಿಸರ ದಿನಕ್ಕೆ ಅಂತ ಜೆಸಿಬಿ ತಂದು ಗುಂಡಿ ತೆಗೆಸುವುದೂ ಇದೇ ಹೊತ್ತಿಗೆ!

ಕಂಡದ್ದನ್ನು ಈಬರ್ಡ್, ಐನ್ಯಾಚುರಲಿಸ್ಟ್ ಥರದ, ಹಕ್ಕಿ-ಪ್ರಾಣಿ ಕಂಡದ್ದನ್ನು ದಾಖಲಿಸುವ ಆ್ಯಪ್‌ನಲ್ಲಿ ಹಾಕಿ. ಗೂಡಿನ ಫೋಟೋ, ಲೊಕೇಶನ್ ಮಾತ್ರ ವಾಟ್ಸಾಪ್ ಗುಂಪಿಗೆ ಬೇಡ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ನಿಮ್ಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಹೋಗಿ ಪಿಡಿಒ ಅವರನ್ನು ಕೇಳಿ, ಗೋಮಾಳದ ಪ್ರಾಣಿ, ಪಕ್ಷಿ, ಹುಲ್ಲು ಎಲ್ಲವನ್ನೂ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಸಿ. ನಾಳೆ ಯಾರಾದರೂ ಇದು ಖಾಲಿ ಜಾಗ, ಸೋಲಾರ್ ಹಾಕೋಣ ಅಂತ ಬಂದಾಗ ತೋರಿಸಲು ಕೈಯಲ್ಲಿ ಒಂದು ಕಾಗದ ಇರುತ್ತದೆ.

ಹುಡುಗರ ಹುಮ್ಮಸ್ಸಿಗೂ ಕೆಲಸ ಇದೆ. ಗೋಮಾಳಕ್ಕೆ ನುಗ್ಗಿರುವ ಬಳ್ಳಾರಿ ಜಾಲಿ, ಲಂಟಾನ ಬೇರುಸಹಿತ ಕೀಳಲಿ. ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಬೀಳದಂತೆ ನೋಡಿಕೊಳ್ಳಲಿ. ಗಿಡ ನೆಡಲೇಬೇಕು ಅಂದರೆ ಶಾಲೆಯ ಆವರಣ, ರಸ್ತೆ ಬದಿ ಇದ್ದೇ ಇದೆ. ಹೊಂಗೆ, ಬೇವು, ಹುಣಸೆ ನೆಡಿ.

ನಿಮ್ಮದು ಯಾವ ತಾಲ್ಲೂಕು ಅಂತ ಬರೆದಿಲ್ಲ. ಮಲೆನಾಡಾದರೆ ಲೆಕ್ಕವೇ ಬೇರೆ, ತಿಳಿಸಿ.