ಓದುಗರ ಪ್ರಶ್ನೆ, ನಮ್ಮ ಉತ್ತರ: ಆರು ತಿಂಗಳಿಂದ ಮೂರು ವರ್ಷದವರೆಗೆ ಕೂಸನ್ನು ನೋಡುವವರು ಯಾರು?

ಮನೆಗೊಂದೇ ಮಗು ಎಂಬುದು ರೂಢಿಯಾಗುತ್ತಿರುವ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದದ್ದಕ್ಕೆ ದಾವಣಗೆರೆ ಮತ್ತು ಚಿತ್ರದುರ್ಗ ಕಡೆಯಿಂದ ಬಂದ ಪತ್ರಗಳಲ್ಲಿ ನಾಲ್ಕನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕಿ. ಮಗ ಔಷಧ ಕಂಪನಿಯ ಪ್ರತಿನಿಧಿಯಾಗಿ ವಾರದಲ್ಲಿ ನಾಲ್ಕು ದಿನ ಊರೂರು ತಿರುಗುತ್ತಾನೆ. ಸೊಸೆ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಮೊಮ್ಮಗಳಿಗೆ ನಾಲ್ಕು ತುಂಬಿದೆ. ಇನ್ನೊಂದು ಮಗುವಿನ ಮಾತೆತ್ತಿದರೆ ‘ಒಂದೇ ಸಾಕು’ ಎಂದು ಇಬ್ಬರೂ ಎದ್ದು ಹೋಗುತ್ತಾರೆ. ನಾನು ನೌಕರಿ ಮಾಡುತ್ತಲೇ ಮೂವರನ್ನು ಹೆತ್ತು ಬೆಳೆಸಿದವಳು. ಈಗಿನವರಿಗೆ ಇಷ್ಟೇಕೆ ಸ್ವಾರ್ಥ?
(ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ)

ಉತ್ತರ: ಅಮ್ಮ, ನೀವು ಮೂವರನ್ನು ಬೆಳೆಸಿದ್ದು ನಿಜ, ಆದರೆ ನೀವು ಶಾಲೆಗೆ ಹೊರಟ ಮೇಲೆ ಆ ಕೂಸುಗಳು ಯಾರ ಮಡಿಲಲ್ಲಿದ್ದವು ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ. ಬಹುಪಾಲು ಮನೆಗಳಲ್ಲಿ ಉತ್ತರ ಒಂದೇ ಆಗಿರುತ್ತದೆ: ಅತ್ತೆ, ಮದುವೆಯಾಗದ ನಾದಿನಿ, ಪಕ್ಕದ ಮನೆಯ ಅಜ್ಜಿ. ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳು ಮೂರು ತಿಂಗಳು, ಕೆಲವೆಡೆ ಐದು ತಿಂಗಳು ಅಲ್ಲೇ ಇರುತ್ತಿದ್ದಳು. ಬೆಳಿಗ್ಗೆ ಹಂಡೆಯ ನೀರು ಕಾಯುವ ಹೊತ್ತಿಗೆ ಎರೆಯುವ ಅಜ್ಜಿ ಬಂದು, ಮಣೆಯ ಮೇಲೆ ಕುಳಿತು, ಎರಡೂ ಕಾಲು ಚಾಚಿ, ಕೂಸನ್ನು ಮೊಣಕಾಲ ಕೆಳಗೆ ಬೋರಲು ಮಲಗಿಸಿ ಎಣ್ಣೆ ತಿಕ್ಕಿ ಎರೆದು, ಲೋಬಾನದ ಹೊಗೆ ಹಿಡಿದು, ಬಟ್ಟೆ ಸುತ್ತಿ ತೊಟ್ಟಿಲಿಗೆ ಹಾಕುವವರೆಗೆ ಬಾಣಂತಿ ಏಳುವ ಹಾಗೇ ಇರಲಿಲ್ಲ. ಅಂಟಿನುಂಡೆಯೂ ಸಬ್ಬಸಿಗೆ ಪಲ್ಯವೂ ಇದ್ದಲ್ಲಿಗೇ ಬರುತ್ತಿದ್ದವು. ಆ ದುಡಿಮೆಗೆ ಯಾರೂ ಲೆಕ್ಕ ಬರೆದಿಡಲಿಲ್ಲ, ಏಕೆಂದರೆ ಅದನ್ನು ಮಾಡಿದವರು ಹೆಂಗಸರು, ಮಾಡಿದ್ದು ಮನೆಯೊಳಗೆ. (ಬಾಣಂತಿಗೆ ನೀರು ಕುಡಿಯಬೇಡ ಎನ್ನುವ, ಕಿಟಕಿ ಮುಚ್ಚಿಡುವ ಹಳೆಯ ಪದ್ಧತಿಗಳನ್ನು ನಾವು ಒಪ್ಪುವುದಿಲ್ಲ, ಹೇಳುತ್ತಿರುವುದು ಆಸರೆಯ ಮಾತು.)

ಆ ಆಸರೆ ಇಂದು ಸವೆದಿದೆ. ನಿಮ್ಮ ಬೀಗಿತ್ತಿಗೂ ವಯಸ್ಸಾಗಿರುತ್ತದೆ, ಮಂಡಿ ನೋವಿರುತ್ತದೆ ಅಥವಾ ಅವರದೇ ಹೊಲಮನೆಯ ಕೆಲಸವಿರುತ್ತದೆ. ನಾದಿನಿಯರು ಓದಿ ಬೇರೆ ಊರು ಸೇರಿದ್ದಾರೆ. ಹಾಗೆ ತೆರವಾದ ಜಾಗವನ್ನು ತುಂಬಬೇಕಿದ್ದ ಸರ್ಕಾರದ ಏರ್ಪಾಡುಗಳನ್ನು ಜೋಡಿಸಿ ನೋಡಿದರೆ ನಡುವೆ ದೊಡ್ಡ ಬಿರುಕು ಕಾಣುತ್ತದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು, ಅಂದರೆ ಆರು ತಿಂಗಳು. ಅಂಗನವಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಕಲಿಸುವುದು ಮೂರು ವರ್ಷ ತುಂಬಿದ ಮೇಲೆ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಸಿಗುತ್ತದೆಯೇ ಹೊರತು ಹಗಲು ನೋಡಿಕೊಳ್ಳುವ ಕೈಗಳು ಸಾಮಾನ್ಯವಾಗಿ ಸಿಗುವುದಿಲ್ಲ. ಉಳಿದ ಎರಡೂವರೆ ವರ್ಷ, ಅಂದರೆ ಮಗು ತೆವಳುವ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ, ರಾತ್ರಿ ಮೂರು ಸಲ ಏಳುವ ಕಾಲ, ಪೂರ್ತಿಯಾಗಿ ತಾಯಿಯ ಹೆಗಲಿಗೆ. ಖಾಸಗಿ ನೌಕರಿಯ ತಂದೆಗೆ ಕಾನೂನಿನ ಪ್ರಕಾರ ಒಂದು ದಿನದ ಪಿತೃತ್ವ ರಜೆಯೂ ಇಲ್ಲ. ಸರ್ಕಾರಿ ನೌಕರರಿಗಿರುವುದು 15 ದಿನ.

ಶಿಶುಪಾಲನಾ ಕೇಂದ್ರದ ಕಾನೂನು ಇಲ್ಲವೇ ಎಂದರೆ, ಇದೆ. ಹತ್ತಿ ಗಿರಣಿಗಳಿಂದಲೇ ಹೆಸರಾಗಿದ್ದ ದಾವಣಗೆರೆಗೆ ಅದು ಹೊಸದೂ ಅಲ್ಲ: 30ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಮಕ್ಕಳಿಗೆ ಪ್ರತ್ಯೇಕ ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ (1976ರ ತಿದ್ದುಪಡಿಯ ನಂತರ) ಹೇಳಿತ್ತು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ, 50 ಅಥವಾ ಹೆಚ್ಚು ನೌಕರರಿರುವ ಎಲ್ಲ ಸಂಸ್ಥೆಗಳಿಗೂ ಇದನ್ನು ಕಡ್ಡಾಯ ಮಾಡಿ, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದೆಂದೂ ಸೇರಿಸಿತು. ಆದರೆ ನಮ್ಮಂಥ ಊರುಗಳ ಹೆಣ್ಣುಮಕ್ಕಳು ದುಡಿಯುವುದು ಜವಳಿ ಅಂಗಡಿಯಲ್ಲಿ, ನರ್ಸಿಂಗ್ ಹೋಮಿನಲ್ಲಿ, ಎಂಟು ಹತ್ತು ಜನರ ಕಚೇರಿಯಲ್ಲಿ. 50ರ ಗೆರೆ ಅವರನ್ನು ಮುಟ್ಟುವುದೇ ಇಲ್ಲ, ನಿಮ್ಮ ಸೊಸೆಯನ್ನೂ ಸೇರಿಸಿ. ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳು ‘ಕೂಸಿನ ಮನೆ’ ತೆರೆದಿವೆ. ನಗರದ ಮಧ್ಯಮ ವರ್ಗದ ತಾಯಿಗೆ ಅಷ್ಟೂ ಇಲ್ಲ.

ಇದು ನಿಮ್ಮ ಮನೆಯೊಂದರ ಕಥೆಯೂ ಅಲ್ಲ. 1992–93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಬ್ಬ ಮಹಿಳೆಗೆ ಸರಾಸರಿ ಸುಮಾರು 2.9 ಮಕ್ಕಳಿದ್ದರೆ, 2019–21ರ ಹೊತ್ತಿಗೆ ಅದು 1.7ಕ್ಕೆ ಇಳಿದಿತ್ತು. ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕು. ಈ ಇಳಿಕೆಯಲ್ಲಿ ಹೆಣ್ಣುಮಕ್ಕಳ ಓದು, ತಡವಾದ ಮದುವೆ, ಬದುಕುಳಿಯುವ ಮಕ್ಕಳ ಪ್ರಮಾಣ ಹೆಚ್ಚಿರುವುದು ಮುಂತಾದ ಒಳ್ಳೆಯ ಕಾರಣಗಳೂ ಇವೆ, ಅವುಗಳಿಗೆ ಹಳಹಳಿಸಬೇಕಿಲ್ಲ. ಇನ್ನೊಂದು ಮಗು ಬೇಕೆನಿಸಿದರೂ ಧೈರ್ಯ ಸಾಲದೆ ಹಿಂದೆಗೆಯುವವರ ಬಗ್ಗೆ ಮಾತ್ರ ನಮಗೆ ಚಿಂತೆ. ನಿಮ್ಮ ಮಗ ಸೊಸೆ ಯಾವ ಗುಂಪಿನವರೆಂದು ನಮಗೆ ತಿಳಿಯದು. ಕೇಳುವುದಾದರೆ ‘ಯಾವಾಗ?’ ಎಂದು ಕೇಳಬೇಡಿ. ಮೊದಲನೆಯದನ್ನು ಬೆಳೆಸುವಾಗ ಯಾವುದು ಹೆಚ್ಚು ಕಷ್ಟವಾಯಿತು ಎಂದು ಕೇಳಿ, ಅದನ್ನೂ ಸೊಸೆಯನ್ನೊಬ್ಬಳನ್ನೇ ಅಲ್ಲ, ಮಗನನ್ನೂ ಕೂರಿಸಿಕೊಂಡು ಕೇಳಿ. ಅವರು ಒಂದೇ ಸಾಕೆಂದರೆ ಅಲ್ಲಿಗೆ ಬಿಟ್ಟುಬಿಡಿ.

ಪ್ರಶ್ನೆ: ಜವಳಿ ಅಂಗಡಿಯೊಂದರಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಇಪ್ಪತ್ತಕ್ಕೂ ಹೆಚ್ಚು ಜನರಿದ್ದೇವೆ. ಸಂಬಳ 14,000 ರೂಪಾಯಿ, ಇಎಸ್‌ಐ (ನೌಕರರ ರಾಜ್ಯ ವಿಮೆ) ಹಿಡಿಯುತ್ತಾರೆ. ನನಗೀಗ ಐದು ತಿಂಗಳು. ‘ರಾಜೀನಾಮೆ ಬರೆದುಕೊಟ್ಟು ಹೋಗಮ್ಮ, ಹೆರಿಗೆ ಆದಮೇಲೆ ನೋಡೋಣ’ ಎನ್ನುತ್ತಿದ್ದಾರೆ ಮಾಲೀಕರು. ಏನು ಮಾಡಲಿ?
(ಓದುಗರೊಬ್ಬರು, ಚಿತ್ರದುರ್ಗ)

ಉತ್ತರ: ರಾಜೀನಾಮೆಗೆ ಸಹಿ ಹಾಕಬೇಡಿ. ಒಮ್ಮೆ ಬರೆದುಕೊಟ್ಟರೆ ನೀವಾಗಿಯೇ ಬಿಟ್ಟಿರೆಂದಾಗಿ ಮುಂದಿನ ದಾರಿ ಕಠಿಣವಾಗುತ್ತದೆ.

ನಿಮ್ಮ ಮಾಲೀಕರಿಗೆ ಒಂದು ಸಂಗತಿ ತಿಳಿದಿರಲಿಕ್ಕಿಲ್ಲ. ನಿಮ್ಮ ಸಂಬಳ ಇಎಸ್‌ಐ ಮಿತಿಯಾದ 21,000 ರೂಪಾಯಿಯ ಒಳಗಿರುವುದರಿಂದ ರಜೆಯ 26 ವಾರದ ಹಣವನ್ನು ಕೊಡುವುದು ಇಎಸ್‌ಐ ನಿಗಮವೇ ಹೊರತು ಅಂಗಡಿಯಲ್ಲ, ಅದೂ ಸರಾಸರಿ ದಿನಗೂಲಿಯ ಪೂರ್ತಿ ದರದಲ್ಲಿ. ತಿಂಗಳು ತಿಂಗಳು ನಿಮ್ಮಿಂದ ಶೇ. 0.75, ಅವರಿಂದ ಶೇ. 3.25 ಕಟ್ಟಿರುವುದು ಇಂಥದ್ದಕ್ಕೇ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳು) ಕನಿಷ್ಠ 70 ದಿನಗಳ ವಂತಿಗೆ ಕಟ್ಟಿರಬೇಕು. ನಾಲ್ಕು ವರ್ಷದಿಂದ ಕೆಲಸದಲ್ಲಿರುವ ನಿಮಗೆ ಇದು ತೊಡಕಾಗದು, ಹಿಡಿದ ಹಣವನ್ನು ಅವರು ನಿಜವಾಗಿ ಕಟ್ಟಿದ್ದರೆ. ಅದನ್ನು ನಿಮ್ಮ ವಿಮಾ ಸಂಖ್ಯೆ ಹಿಡಿದುಕೊಂಡು ಇಎಸ್‌ಐ ಶಾಖಾ ಕಚೇರಿಯಲ್ಲಿ ಈಗಲೇ ವಿಚಾರಿಸಿಕೊಳ್ಳಿ. ಹೆರಿಗೆಗೆ ಮುಂಚೆ ಎಂಟು ವಾರದವರೆಗೆ ರಜೆ ತೆಗೆದುಕೊಳ್ಳಬಹುದು. ಹೆರಿಗೆ ಸೌಲಭ್ಯ ಪಡೆಯುತ್ತಿರುವ ಕಾಲದಲ್ಲಿ ಕೆಲಸದಿಂದ ತೆಗೆಯುವಂತಿಲ್ಲ. ಗರ್ಭಿಣಿಯಾಗಿರುವ ವಿಷಯವನ್ನೂ ರಜೆ ಬೇಕಾದ ತಾರೀಖನ್ನೂ ಬರವಣಿಗೆಯಲ್ಲಿ ಕೊಟ್ಟು, ಅದರ ಒಂದು ಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ. ಆಮೇಲೂ ಒತ್ತಾಯಿಸಿದರೆ ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ ಲಿಖಿತ ದೂರು ಕೊಡಿ. ಖರ್ಚು ತಮ್ಮದಲ್ಲವೆಂದು ತಿಳಿದರೆ ಎಷ್ಟೋ ಮಾಲೀಕರು ಮೆತ್ತಗಾಗುತ್ತಾರೆ. ಹಾಗಾಗಿ ಜಗಳಕ್ಕೆ ಮುಂಚೆ ಈ ಮಾತನ್ನು ಸಮಾಧಾನವಾಗಿ ಹೇಳಿ ನೋಡಿ.

ಪ್ರಶ್ನೆ: ತಂಗಿಗೆ ಹೆರಿಗೆಯಾಗಿ ಎರಡು ತಿಂಗಳು. ಕೂಸು ಮಲಗಿದರೂ ಅವಳಿಗೆ ನಿದ್ದೆಯಿಲ್ಲ, ಕಾರಣವಿಲ್ಲದೆ ಅಳುತ್ತಾಳೆ. ‘ನಾವೆಲ್ಲ ಹೆತ್ತಿಲ್ಲವೇ’ ಎನ್ನುತ್ತಾರೆ ಅಮ್ಮ.
(ಓದುಗರೊಬ್ಬರು, ಹೊಳಲ್ಕೆರೆ)

ಉತ್ತರ: ಹೆರಿಗೆಯಾದ ಮೊದಲ ವಾರಗಳಲ್ಲಿ ಅಳು ಬರುವುದು, ಮನಸ್ಸು ಕಲಕುವುದು ಸಾಮಾನ್ಯ, ಅದು ತಾನಾಗಿ ಇಳಿಯುತ್ತದೆ. ಎರಡು ವಾರ ದಾಟಿಯೂ ಮುಂದುವರಿದರೆ ಅದು ಬಾಣಂತಿಯರ ಖಿನ್ನತೆಯಾಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ, ಹಾಲೂಡಿಸುವವರಿಗೆ ಹೊಂದುವ ಔಷಧಗಳೂ ಇವೆ. 14416 ಸಂಖ್ಯೆಗೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯವರು ಕನ್ನಡದಲ್ಲೇ ಉಚಿತವಾಗಿ ಮಾತನಾಡುತ್ತಾರೆ. ಈ ವಾರವೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೂ ತೋರಿಸಿ. ತನಗೆ ಅಥವಾ ಕೂಸಿಗೆ ಏನಾದರೂ ಮಾಡಿಕೊಳ್ಳುವ ಮಾತು ಅವಳ ಬಾಯಲ್ಲಿ ಬಂದರೆ, ಅಥವಾ ಇಲ್ಲದ್ದು ಕಾಣಿಸತೊಡಗಿದರೆ, ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಷ್ಟರವರೆಗೆ ರಾತ್ರಿಯ ಒಂದು ಸರದಿಯನ್ನು ಮನೆಯವರು ವಹಿಸಿಕೊಳ್ಳಲಿ. ಅಮ್ಮನ ಮಾತಿಗೆ ನೀವು ಎದುರು ವಾದಿಸಬೇಕಿಲ್ಲ. ವೈದ್ಯರ ಬಳಿಗೆ ಅವರನ್ನೂ ಕರೆದುಕೊಂಡು ಹೋಗಿ.

ಪ್ರಶ್ನೆ: ಹೆಚ್ಚು ಮಕ್ಕಳನ್ನು ಹೆರಿ ಎಂದು ನೆರೆರಾಜ್ಯಗಳ ಮುಖ್ಯಮಂತ್ರಿಗಳೇ ಹೇಳುತ್ತಿದ್ದಾರೆ. ಹಣ ಕೊಟ್ಟರೆ ಜನನ ಪ್ರಮಾಣ ಏರುತ್ತದೆಯೇ?
(ಓದುಗರೊಬ್ಬರು, ಹರಿಹರ)

ಉತ್ತರ: 2024ರ ಅಕ್ಟೋಬರ್‌ನಲ್ಲಿ ಆಂಧ್ರಪ್ರದೇಶ ಮತ್ತು ತಮಿಳುನಾಡಿನ ಮುಖ್ಯಮಂತ್ರಿಗಳು ಈ ಬಗೆಯ ಮಾತಾಡಿದ್ದು ಸುದ್ದಿಯಾಯಿತು, ಅದರ ಹಿಂದೆ ಜನಸಂಖ್ಯೆಯ ಆಧಾರದ ಮೇಲೆ ಲೋಕಸಭಾ ಸ್ಥಾನಗಳ ಮರುಹಂಚಿಕೆಯಾಗುವ ಲೆಕ್ಕವೂ ಇತ್ತು. ಹಣದ ಪ್ರಯೋಗವನ್ನು ಬಹಳ ದೊಡ್ಡದಾಗಿ ಮಾಡಿದ ದೇಶ ದಕ್ಷಿಣ ಕೊರಿಯಾ. ಹಾಗಿದ್ದೂ ಅಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 2023ರಲ್ಲಿ 0.72ಕ್ಕೆ ಕುಸಿಯಿತು, ಮರುವರ್ಷ ಏರಿದ್ದು 0.75ಕ್ಕೆ. ತಂದೆತಾಯಿ ಇಬ್ಬರಿಗೂ ಸೇರಿ 480 ದಿನಗಳ ರಜೆ ಕೊಡುವ ಸ್ವೀಡನ್‌ನಲ್ಲೂ ಈಚಿನ ವರ್ಷಗಳಲ್ಲಿ ಜನನ ಇಳಿದಿದೆ. ಆದ್ದರಿಂದ ನೆರವು ಕೊಟ್ಟೊಡನೆ ತೊಟ್ಟಿಲುಗಳು ತುಂಬುತ್ತವೆ ಎಂದು ನಾವು ಹೇಳಲಾರೆವು. ನೆರವು ಬೇಕಾಗಿರುವುದು ಈಗಾಗಲೇ ಹುಟ್ಟಿರುವ ಮಕ್ಕಳಿಗಾಗಿ ಮತ್ತು ಅವರ ತಾಯಂದಿರ ಉದ್ಯೋಗ ಉಳಿಯುವುದಕ್ಕಾಗಿ. ಜನನ ಪ್ರಮಾಣ ಏರಿದರೂ ಏರದಿದ್ದರೂ ಆ ಅಗತ್ಯ ಕಡಿಮೆಯಾಗದು.

ನಮ್ಮಲ್ಲಿ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಸಿಗುತ್ತದೆ. ಎರಡನೆಯದು ಗಂಡಾದರೆ ಇಲ್ಲ. ಬದುಕಿರುವ ಇಬ್ಬರು ಮಕ್ಕಳಿರುವ ಮಹಿಳೆಗೆ ಮುಂದಿನ ಹೆರಿಗೆಗೆ ರಜೆ 26ರ ಬದಲು 12 ವಾರ ಮಾತ್ರ. ಮೂರನೆಯ ಮಗುವನ್ನು ನಿರುತ್ಸಾಹಗೊಳಿಸುವ ಕಾನೂನು ಪುಸ್ತಕದಲ್ಲಿರುವಾಗಲೇ ವೇದಿಕೆಯಿಂದ ಅದನ್ನು ಬೇಡುವುದು ವಿಚಿತ್ರ. ಖರ್ಚು ಮಾಡುವುದಾದರೆ ಒಂದು ಸಲದ ಬಹುಮಾನಕ್ಕಿಂತ ವಾರ್ಡಿಗೊಂದು ಶಿಶುಪಾಲನಾ ಕೇಂದ್ರ ಮೇಲು. ಕೇಂದ್ರ ಸರ್ಕಾರದ ‘ಪಾಲನಾ’ ಯೋಜನೆಯಡಿ ಅಂಗನವಾಡಿಯನ್ನೇ ಆರು ತಿಂಗಳ ಕೂಸುಗಳಿಗೂ ತೆರೆದು, ಹಗಲೆಲ್ಲ ನೋಡಿಕೊಳ್ಳುವ ಕೇಂದ್ರವಾಗಿ ನಡೆಸಲು ಅವಕಾಶವಿದೆ. ನಿಮ್ಮ ವಾರ್ಡಿನಲ್ಲಿ ಅಂಥದ್ದಿಲ್ಲವಾದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಹತ್ತಿಪ್ಪತ್ತು ತಾಯಂದಿರ ಸಹಿಯೊಡನೆ ಮನವಿ ಕೊಡಿ, ಅದರ ಪ್ರತಿಯನ್ನು ನಗರಸಭಾ ಸದಸ್ಯರಿಗೂ ತಲುಪಿಸಿ.