ತೆರೆದ ಶಸ್ತ್ರಚಿಕಿತ್ಸೆಯೋ, ಕೀಹೋಲೋ: ಸಕಲೇಶಪುರದ ಕುಟುಂಬವೊಂದರ ಪ್ರಕರಣ

ಸಕಲೇಶಪುರದ ಕಡೆಯ 58 ವರ್ಷದ ಕಾಫಿ ಬೆಳೆಗಾರರೊಬ್ಬರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಇರುವುದು ಖಚಿತವಾಗಿತ್ತು. ಹಿಂದೆ ಆಗಿದ್ದ ಹೊಟ್ಟೆಯ ಆಪರೇಷನ್ನಿನಿಂದ ಒಳಗೆ ಕರುಳು ಅಂಟಿಕೊಂಡಿರುವ ಸಾಧ್ಯತೆ ಇದ್ದುದರಿಂದ, ಹೊಟ್ಟೆ ತೆರೆದೇ ಶಸ್ತ್ರಚಿಕಿತ್ಸೆ ಮಾಡುವುದು ಕ್ಷೇಮವೆಂದು ಹಾಸನದ ವೈದ್ಯರು ಹೇಳಿದ್ದರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಇದಕ್ಕೆ ಒಪ್ಪಿರಲಿಲ್ಲ. ದೊಡ್ಡ ಗಾಯವಾದರೆ ರೋಗನಿರೋಧಕ ಶಕ್ತಿ ಕುಸಿದು, ಉಳಿದ ಕ್ಯಾನ್ಸರ್ ಕೋಶಗಳು ಬೆಳೆಯುತ್ತವೆಂದು ಓದಿಕೊಂಡಿದ್ದ ಆತ, ಕೀಹೋಲ್ (ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ತೂರಿಸಿ ಮಾಡುವ ಲ್ಯಾಪರೊಸ್ಕೋಪಿಕ್ ಶಸ್ತ್ರಚಿಕಿತ್ಸೆ) ಮಾಡುವವರನ್ನು ಹುಡುಕುತ್ತ ವಾರಗಳನ್ನು ಕಳೆದಿದ್ದರು. ಅರೇಬಿಕಾ ಕೊಯ್ಲು ಮುಗಿಯಲಿ ಎನ್ನುತ್ತಿದ್ದ ತಂದೆಗೆ ಈ ವಾದ ಒಂದು ನೆಪವೂ ಆಗಿತ್ತು. ಸಲಹೆ ಕೇಳಿ ನನ್ನ ಬಳಿ ಬಂದ ಈ ಕುಟುಂಬದ ಗುರುತಿನ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಮಗನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಹೊಟ್ಟೆಯ ಗೋಡೆಯನ್ನು ಉದ್ದಕ್ಕೆ ಕೊಯ್ದಾಗ ದೇಹವು ಅದನ್ನು ದೊಡ್ಡ ಪೆಟ್ಟೆಂದೇ ಪರಿಗಣಿಸುವುದರಿಂದ ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಮತ್ತು ಸಿಆರ್‌ಪಿಯಂಥ ಉರಿಯೂತದ ಸೂಚಕಗಳು ಏರುತ್ತವೆ, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಹೆಚ್ಚುತ್ತದೆ, ಅದರ ಬೆನ್ನಿಗೇ ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳಾದ ಲಿಂಫೋಸೈಟ್ ಮತ್ತು ನ್ಯಾಚುರಲ್ ಕಿಲ್ಲರ್ ಕೋಶಗಳ ಚುರುಕು ಕೆಲವು ದಿನ ತಗ್ಗುತ್ತದೆ. ಕೀಹೋಲ್ ವಿಧಾನದಲ್ಲಿ ಈ ಏರಿಳಿತ ಸಾಮಾನ್ಯವಾಗಿ ಕಡಿಮೆ. ಆದರೆ ಒಳಗೆ ತೆಗೆಯಬೇಕಾದ ಕರುಳಿನ ಭಾಗ ಮತ್ತು ಕ್ಯಾನ್ಸರ್ ಹಬ್ಬಬಹುದಾದ ಸುತ್ತಲಿನ ಲಿಂಫ್ ಗ್ರಂಥಿಗಳು ಎರಡರಲ್ಲೂ ಅವೇ ಆದ್ದರಿಂದ, ವ್ಯತ್ಯಾಸ ಬಹುಮಟ್ಟಿಗೆ ಹೊರಗಾಯದ್ದು, ಅದೂ ತಾತ್ಕಾಲಿಕವಾದದ್ದು ಎಂದು ಅವರಿಗೆ ವಿವರಿಸಿದೆ.

ಈ ವ್ಯತ್ಯಾಸ ಆಯುಸ್ಸಿನಲ್ಲಿ ಕಾಣುತ್ತದೆಯೇ ಎಂಬುದು ಅವರ ನಿಜವಾದ ಪ್ರಶ್ನೆ. ಕರುಳಿನ ಕ್ಯಾನ್ಸರಿನ 872 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಮೂರು ವರ್ಷಗಳಲ್ಲಿ ರೋಗ ಮರುಕಳಿಸಿದ್ದು ಕೀಹೋಲ್ ಗುಂಪಿನಲ್ಲಿ ಶೇ. 16, ತೆರೆದ ಗುಂಪಿನಲ್ಲಿ ಶೇ. 18, ಅಂದರೆ ಹೆಚ್ಚುಕಡಿಮೆ ಸಮ. ಕೀಹೋಲ್‌ನವರು ಬೇಗ ಚೇತರಿಸಿಕೊಂಡು ಮನೆಗೆ ಹೋದರು, ನೋವಿನ ಔಷಧಿಯೂ ಕಡಿಮೆ ಸಾಕಾಯಿತು. ಇದು ಸಣ್ಣ ಲಾಭವೇನಲ್ಲ.

ಅಲ್ಲಿಯವರೆಗೆ ಸುಮ್ಮನಿದ್ದ ತಾಯಿ, ತಮ್ಮ ತಂಗಿಗೆ ಗರ್ಭಕಂಠದ ಕ್ಯಾನ್ಸರಾದಾಗ ವೈದ್ಯರೇ ಕೀಹೋಲ್ ಬೇಡವೆಂದದ್ದು ಏಕೆಂದು ಕೇಳಿದರು. ನನ್ನ ಮಟ್ಟಿಗೆ ಅಂದಿನ ಮಾತುಕತೆಯಲ್ಲಿ ಅತ್ಯುತ್ತಮ ಪ್ರಶ್ನೆ ಅದೇ. 2018ರಲ್ಲಿ ಪ್ರಕಟವಾದ ಗರ್ಭಕಂಠದ ಆರಂಭಿಕ ಕ್ಯಾನ್ಸರಿನ ಅಧ್ಯಯನದಲ್ಲಿ, ನಾಲ್ಕೂವರೆ ವರ್ಷಗಳ ನಂತರ ರೋಗಮುಕ್ತರಾಗಿ ಉಳಿದವರು ತೆರೆದ ಗುಂಪಿನಲ್ಲಿ ಶೇ. 96.5 ಇದ್ದರೆ, ಕೀಹೋಲ್ ಗುಂಪಿನಲ್ಲಿ ಶೇ. 86 ಮಾತ್ರ. ರೋಗನಿರೋಧಕ ಶಕ್ತಿಯ ಲೆಕ್ಕವೊಂದೇ ಫಲಿತಾಂಶವನ್ನು ನಿರ್ಧರಿಸುವಂತಿದ್ದರೆ ಹೀಗಾಗುತ್ತಿರಲಿಲ್ಲ. ಗಡ್ಡೆಯನ್ನು ಪೂರ್ಣವಾಗಿ, ಚೆಲ್ಲದಂತೆ ತೆಗೆಯುವುದು ಮೊದಲು. ಅದು ಯಾವ ಅಂಗ, ಯಾರ ಕೈ ಎಂಬುದರ ಮೇಲೆ ನಿಂತಿದೆ.

ಗಾಳಿ ತಾಗಿದರೆ ಕ್ಯಾನ್ಸರ್ ಹರಡುತ್ತದಂತೆ ಹೌದೇ ಎಂದು ತಂದೆ ಕೊನೆಗೆ ಮೆಲ್ಲಗೆ ಕೇಳಿದರು. ಹರಡುವುದಿಲ್ಲ, ತೆರೆದು ನೋಡಿದಾಗ ರೋಗ ಆಗಲೇ ಹಬ್ಬಿರುವುದು ತಿಳಿದವರ ಮನೆಗಳಿಂದ ಆ ನಂಬಿಕೆ ಬಂದಿರಬೇಕು.

ಮಗನಿಗೆ ನಾನು ಹೇಳಿದ್ದು ಇಷ್ಟು: ಕೀಹೋಲ್ ಏಕೆ ಬೇಡ, ಕೀಹೋಲ್‌ನಲ್ಲಿ ಆರಂಭಿಸಿ ಅಗತ್ಯವಿದ್ದರೆ ತೆರೆಯಬಹುದೇ, ಇಂಥವನ್ನು ತಾವು ಎಷ್ಟು ಮಾಡಿದ್ದೀರಿ ಎಂದು ಶಸ್ತ್ರವೈದ್ಯರನ್ನೇ ನೇರವಾಗಿ ಕೇಳಿ, ಬೇಕಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ, ಆದರೆ ಒಂದೇ, ಅದೂ ಈ ವಾರದೊಳಗೆ. ರೋಗನಿರೋಧಕ ಶಕ್ತಿಗಾಗಿ ಮನೆಯವರ ಕೈಯಲ್ಲಿರುವುದೂ ಕಡಿಮೆಯೇನಲ್ಲ ಎಂದೆ. ತಂದೆಯ ರಕ್ತಹೀನತೆಗೆ ಮೊದಲೇ ಚಿಕಿತ್ಸೆ ಕೊಡಿಸಿದರೆ ರಕ್ತ ಕೊಡಿಸುವ ಅಗತ್ಯ ತಪ್ಪಬಹುದು. ಸಕ್ಕರೆ ಹತೋಟಿಗೆ ಬರಬೇಕು, ಬೀಡಿ ಇಂದೇ ನಿಲ್ಲಬೇಕು, ಊಟದಲ್ಲಿ ಮೊಟ್ಟೆ, ಬೇಳೆ ಹೆಚ್ಚಬೇಕು, ಆಪರೇಷನ್ನಿನ ಮರುದಿನವೇ ಎದ್ದು ನಡೆಯಬೇಕು.

ಕೊಯ್ಲಿನ ಉಸ್ತುವಾರಿಯನ್ನು ತಮ್ಮನಿಗೆ ವಹಿಸಿ ಅವರು ಹಾಸನದಲ್ಲೇ ತೆರೆದ ಶಸ್ತ್ರಚಿಕಿತ್ಸೆಗೆ ಒಪ್ಪಿದರು. ತೆಗೆದ ಭಾಗದ ವರದಿಯಲ್ಲಿ ಕನಿಷ್ಠ 12 ಲಿಂಫ್ ಗ್ರಂಥಿಗಳ ಪರೀಕ್ಷೆಯಾಗಿದೆಯೇ ಎಂದು ನೋಡಿ, ಕೀಮೋಥೆರಪಿಯ ಬಗ್ಗೆ ಕೇಳಲು ಮಗನಿಗೆ ಬರೆದುಕೊಟ್ಟಿದ್ದೇನೆ.